ಅಳತೆ ಬದಲಾದರೂ ಕಾಳು ಗಟ್ಟಿಯಾಗಿರಲಿ

(ಶ್ರಾವಣ ಮಾಸದ ಪ್ರವಚನಮಾಲೆಯಲ್ಲಿ ಶ್ರೀಮಠದ ಪ್ರಸಾದ ನಿಲಯದ ವಿದ್ಯಾರ್ಥಿಗಳನ್ನೂ ಅವರ ಪಾಲಕರನ್ನೂ ಉದ್ದೇಶಿಸಿ ಪೂಜ್ಯರು ನೀಡಿದ ಆಶೀರ್ವಚನ)



ನಿನ್ನೆಯವರೆಗೆ ಅಷ್ಟಾವರಣಗಳ ವಿಚಾರವನ್ನು ಹೇಳುತ್ತ ಬಂದೆವು. ಅದರ ಮುಂದಿನ ಭಾಗವನ್ನು ನಾಳೆಗೆ ಇಟ್ಟುಕೊಂಡು, ಇಂದು ನಿಮ್ಮ ಮನೆಮನೆಯ ಚಿಂತೆಯೊಂದನ್ನು ಎತ್ತಿಕೊಳ್ಳಬೇಕೆಂದಿದ್ದೇವೆ. ಸೋಮವಾರ ದರ್ಶನಕ್ಕೆ ಬರುವ ತಂದೆತಾಯಿಗಳಲ್ಲಿ ಹೆಚ್ಚಿನವರ ಬಾಯಲ್ಲಿ ಬರುವ ಮಾತು ಒಂದೇ: "ಬುದ್ಧೀ, ಹುಡುಗನ ಓದು ಮುಗಿದು ಎರಡು ವರುಷವಾಯಿತು. ನೌಕರಿ ಹತ್ತಲಿಲ್ಲ. ತಾವು ಒಂದು ಮಾತು ಹೇಳಬೇಕು, ಒಂದು ಪತ್ರ ಕೊಡಬೇಕು." ಈ ಮಾತಿನ ಹಿಂದೆ ಎಷ್ಟು ಕಣ್ಣೀರಿದೆ, ಎಷ್ಟು ಸಾಲವಿದೆ ಎಂಬುದು ನಮಗೆ ಗೊತ್ತು. ಆದುದರಿಂದ ಇದನ್ನು ಲೌಕಿಕದ ವಿಷಯವೆಂದು ದೂರವಿಡುವುದು ಸರಿಯಲ್ಲ. ಕಾಯಕವೇ ಶಿವಪೂಜೆಯ ಅಂಗವೆಂದು ಸಾರಿದ ಧರ್ಮದಲ್ಲಿ, ಕಾಯಕ ಸಿಗದೆ ಕೊರಗುವ ಮಗುವಿನ ಚಿಂತೆ ಧರ್ಮದ ಚಿಂತೆಯೇ ಆಗಿದೆ.

ಮೊದಲು ಶಬ್ದವನ್ನೇ ವಿಚಾರಿಸೋಣ. ನಾವು ಪಾಠಶಾಲೆಯಲ್ಲಿ ಓದಿದವರು. ಶಬ್ದ ಕಂಡರೆ ಅದರ ಧಾತುವನ್ನು ಹುಡುಕುವುದು ನಮ್ಮ ಹಳೆಯ ಚಟ. 'ಉದ್ಯೋಗ' ಎಂಬ ಶಬ್ದದಲ್ಲಿ ಎರಡು ಭಾಗಗಳುಂಟು. 'ಉತ್' ಎಂದರೆ ಮೇಲಕ್ಕೆ, 'ಯೋಗ' ಎಂದರೆ ಜೋಡಿಸಿಕೊಳ್ಳುವುದು. ತನ್ನ ಶಕ್ತಿಯನ್ನೆಲ್ಲ ಜೋಡಿಸಿಕೊಂಡು ಮೇಲೇಳುವುದು ಉದ್ಯೋಗ. ಸಂಸ್ಕೃತದಲ್ಲಿ ಇದಕ್ಕೆ ಪ್ರಯತ್ನ, ಸನ್ನಾಹ ಎಂದೇ ಅರ್ಥ. ಮಹಾಭಾರತದ ಉದ್ಯೋಗಪರ್ವದಲ್ಲಿ ಯಾರಿಗೂ ನೌಕರಿ ಸಿಗಲಿಲ್ಲ! ಅಲ್ಲಿರುವುದು ಮುಂದೆ ಬರಲಿರುವ ಯುದ್ಧದ ಸಿದ್ಧತೆ. ಕನ್ನಡದಲ್ಲಿ ಈ ಶಬ್ದ ಕ್ರಮೇಣ ಸಂಬಳದ ಸ್ಥಾನಕ್ಕೆ ಹೆಸರಾಯಿತು. ಸಿದ್ಧತೆಗೆ ಇದ್ದ ಹೆಸರು ಫಲಕ್ಕೆ ಹೋಯಿತು. ಆಗ ಏನಾಯಿತೆಂದರೆ, ಹುಡುಗರು ಉದ್ಯೋಗವನ್ನು ಹುಡುಕಲು ಕಲಿತರು, ಮಾಡಲು ಮರೆತರು.

ಈಗ ಇನ್ನೊಂದು ಮಾತು. ನಮ್ಮ ಹಿರಿಯರು ಕಾಳನ್ನು ಸೇರು, ಬಳ್ಳ, ಪಲ್ಲಗಳಲ್ಲಿ ಅಳೆಯುತ್ತಿದ್ದರು. 1956ರಲ್ಲಿ ತೂಕ ಮತ್ತು ಅಳತೆಗಳ ಹೊಸ ಕಾನೂನು ಬಂದಿತು. 1957ರ ಏಪ್ರಿಲ್ ತಿಂಗಳಿಂದ ಆಣೆಯ ಲೆಕ್ಕ ಹೋಗಿ ನಯಾ ಪೈಸೆ ಬಂದಿತು. ಆಗ ಸಂತೆಯಲ್ಲಿ ಎಷ್ಟು ಗೊಂದಲವಾಯಿತೆಂಬುದನ್ನು ಮುದುಕರ ಬಾಯಿಂದ ಕೇಳಿದ್ದೇವೆ. ಆದರೆ ವಿಚಾರ ಮಾಡಿ: ಜೋಳ ಜೋಳವೇ ಆಗಿತ್ತು. ಅಳತೆ ಮಾತ್ರ ಬದಲಾಗಿತ್ತು. ಗಟ್ಟಿ ಕಾಳು ಬೆಳೆದವನು ಹೊಸ ತಕ್ಕಡಿಯನ್ನು ನಾಲ್ಕು ದಿನ ನೋಡಿ ಕಲಿತುಕೊಂಡ. ಜೊಳ್ಳು ತುಂಬಿ ಅಳೆದು ಮಾರುತ್ತಿದ್ದವನಿಗೆ ಮಾತ್ರ ತೂಕ ಬಂದದ್ದು ದೊಡ್ಡ ಸಂಕಟವಾಯಿತು. ಇಂದು ನೇಮಕಾತಿಯ ಸಂತೆಯಲ್ಲಿಯೂ ಅಳತೆ ಬದಲಾಗುತ್ತಿದೆ. ನಾವು ಮಾಡಬೇಕಾದದ್ದು ಎರಡು ಕೆಲಸ. ಒಂದು, ಕಾಳನ್ನು ಗಟ್ಟಿ ಮಾಡಿಕೊಳ್ಳುವುದು. ಎರಡು, ಹೊಸ ಅಳತೆಯನ್ನು ತಿಳಿದುಕೊಳ್ಳುವುದು.

ಅಳತೆ ಹೇಗೆ ಬದಲಾಗಿದೆ? ನ್ಯಾಯಶಾಸ್ತ್ರದ ಭಾಷೆಯಲ್ಲಿ ಹೇಳುವುದಾದರೆ ಬಹಳ ಸುಲಭವಾಗಿ ತಿಳಿಯುತ್ತದೆ. ಒಂದು ವಸ್ತು ಇದೆಯೆಂದು ನಿಶ್ಚಯಿಸಲು ಪ್ರಮಾಣ ಬೇಕು. ಆಪ್ತರು ಹೇಳಿದ ಮಾತು ಶಬ್ದಪ್ರಮಾಣ. ಹೊಗೆಯನ್ನು ಕಂಡು ಬೆಂಕಿಯಿದೆ ಎಂದು ತಿಳಿಯುವುದು ಅನುಮಾನಪ್ರಮಾಣ. ಕಣ್ಣಾರೆ ಕಾಣುವುದು ಪ್ರತ್ಯಕ್ಷಪ್ರಮಾಣ. ಈ ಹುಡುಗನಲ್ಲಿ ಯೋಗ್ಯತೆ ಇದೆಯೆಂದು ಕೆಲಸ ಕೊಡುವವನಿಗೆ ತಿಳಿಯುವುದು ಹೇಗೆ? ಒಂದು ಕಾಲದಲ್ಲಿ ಶಬ್ದಪ್ರಮಾಣ ನಡೆಯುತ್ತಿತ್ತು. ಊರ ಗೌಡರು, ಮಠದ ಸ್ವಾಮಿಗಳು, ಶಾಲೆಯ ಹೆಡ್‌ಮಾಸ್ತರರು "ಹುಡುಗ ಒಳ್ಳೆಯವನು" ಎಂದು ಪತ್ರ ಬರೆದರೆ ಸಾಕಾಗುತ್ತಿತ್ತು. ಆಮೇಲೆ ಅನುಮಾನದ ಕಾಲ ಬಂದಿತು. ಡಿಗ್ರಿ ಇದೆ, ಪ್ರಥಮ ದರ್ಜೆ ಇದೆ, ಆದುದರಿಂದ ವಿದ್ಯೆಯೂ ಇರಲೇಬೇಕು ಎಂದು ಊಹಿಸಿದರು. ಡಿಗ್ರಿ ಹೊಗೆ, ವಿದ್ಯೆ ಬೆಂಕಿ. ಆದರೆ ತರ್ಕ ಓದಿದವರಿಗೆ ಗೊತ್ತು, ದೂರದಿಂದ ಮಂಜನ್ನು ನೋಡಿ ಹೊಗೆಯೆಂದು ಭ್ರಮಿಸಿ ಅಲ್ಲಿ ಬೆಂಕಿಯಿದೆ ಎಂದರೆ ಅದು ಹೇತ್ವಾಭಾಸವಾಗುತ್ತದೆ. ಗೈಡು ಬಾಯಿಪಾಠ ಮಾಡಿ ಪಡೆದ ಅಂಕಗಳು ಮಂಜಿನಂತೆ. ನೋಡಲು ಹೊಗೆಯೇ, ಕೈಯಿಟ್ಟರೆ ತಣ್ಣಗೆ. ಹೀಗೆ ಅನೇಕ ಸಲ ಕೈ ತಣ್ಣಗಾದ ಮೇಲೆ ಕೆಲಸ ಕೊಡುವವರು ಈಗ "ಪ್ರತ್ಯಕ್ಷ ತೋರಿಸು" ಎನ್ನುತ್ತಿದ್ದಾರೆ. ನೇಮಕಾತಿಯ ಬದಲಾವಣೆಯೆಂದರೆ ಇಷ್ಟೇ. ಶಬ್ದದಿಂದ ಅನುಮಾನಕ್ಕೆ, ಅನುಮಾನದಿಂದ ಪ್ರತ್ಯಕ್ಷಕ್ಕೆ ನಡೆದು ಬಂದಿದೆ.

ಇದು ನಮ್ಮ ಪರಂಪರೆಗೆ ಹೊಸದೇನಲ್ಲ. ಹಿಂದೆ ಪಂಡಿತರು ಶಲಾಕಾ ಪರೀಕ್ಷೆ ಎಂಬುದನ್ನು ಮಾಡುತ್ತಿದ್ದರು. ಗ್ರಂಥದ ಗರಿಗಳ ನಡುವೆ ಒಂದು ಕಡ್ಡಿಯನ್ನು ತೂರಿಸುವುದು. ಯಾವ ಗರಿ ತೆರೆಯುತ್ತದೆಯೋ ಆ ಗರಿಯ ವಿಷಯವನ್ನು ವಿದ್ಯಾರ್ಥಿ ಅಲ್ಲಿಯೇ ನಿಂತು ವಿವರಿಸಬೇಕು. ಇಂಥ ಪ್ರಶ್ನೆಯೇ ಬರುತ್ತದೆಂದು ಮೊದಲೇ ಹೇಳುವವರಿಲ್ಲ, ಗೈಡಿಲ್ಲ. 'ಪರೀಕ್ಷಾ' ಎಂಬ ಶಬ್ದದ ಅರ್ಥವೂ ಅದೇ: 'ಪರಿ' ಎಂದರೆ ಸುತ್ತಲೂ, 'ಈಕ್ಷಾ' ಎಂದರೆ ನೋಡುವುದು. ಸುತ್ತಲಿಂದ ನೋಡಿದರೆ ಮಾತ್ರ ಪರೀಕ್ಷೆ. ನಡುವಿನ ಕಾಲದಲ್ಲಿ ನಾವು ಒಂದೇ ಬದಿಯಿಂದ, ನೆನಪಿನ ಶಕ್ತಿಯ ಬದಿಯಿಂದ ನೋಡಿ ಅದನ್ನೇ ಪರೀಕ್ಷೆ ಎಂದೆವು.

ಇನ್ನು ವ್ಯವಹಾರಕ್ಕೆ ಬರೋಣ. ಸರ್ಕಾರಿ ನೌಕರಿಯ ಮಾತನ್ನು ಮೊದಲು ಹೇಳುತ್ತೇವೆ, ಏಕೆಂದರೆ ನಮ್ಮ ಜನರ ಪ್ರಾಣವೆಲ್ಲ ಅಲ್ಲಿಯೇ ಇದೆ. ಕೇಂದ್ರ ಸರ್ಕಾರದ ಕೆಳದರ್ಜೆಯ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನೇ ತೆಗೆದುಹಾಕಿದ್ದಾರೆ. ಅಂದರೆ ಅಲ್ಲಿ "ಒಳಗೆ ಯಾರಾದರೂ ಪರಿಚಯವಿದ್ದಾರೆಯೇ" ಎಂದು ಕೇಳುವ ಅರ್ಥವೇ ಇಲ್ಲ. ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಪ್ರಾದೇಶಿಕ ಭಾಷೆಗಳಲ್ಲಿ ಬರೆಯಲು 2019ರಲ್ಲಿ ಅವಕಾಶವಾಯಿತು. ಕೇಂದ್ರದ ಸಶಸ್ತ್ರ ಪೊಲೀಸ್ ಪಡೆಗಳ ಕಾನ್‌ಸ್ಟೇಬಲ್ ಪರೀಕ್ಷೆಗೆ 2024ರಿಂದ ಅದೇ ಅನುಕೂಲ ಬಂದಿದೆ. "ನಮ್ಮದು ಕನ್ನಡ ಮಾಧ್ಯಮ, ನಮಗೆ ಏನೂ ಇಲ್ಲ" ಎಂಬ ಮಾತನ್ನು ಇನ್ನು ಬಿಡಿ. ಬಾಗಿಲು ತೆರೆದಿದೆ, ಒಳಗೆ ಹೋಗುವವರು ಬೇಕು. ಆದರೆ ಒಂದನ್ನು ನೆನಪಿಡಬೇಕು. ಇಂಥ ಪರೀಕ್ಷೆಗಳಲ್ಲಿ ಹೆಚ್ಚಿನವು ಈಗ ಗಣಕಯಂತ್ರದ ಮುಂದೆ ಕುಳಿತು ಬರೆಯುವಂಥವು. ಬ್ಯಾಂಕಿನ ಪರೀಕ್ಷೆಯಲ್ಲಿ ಒಂದು ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ. ವಿಷಯ ಗೊತ್ತಿದ್ದರೂ ಯಂತ್ರದ ಅಭ್ಯಾಸವಿಲ್ಲದೆ, ಗಡಿಯಾರದ ಅಭ್ಯಾಸವಿಲ್ಲದೆ ಹೋದವನು ಸೋಲುತ್ತಾನೆ. ಈಜುವ ಶಾಸ್ತ್ರವನ್ನು ಓದಿದವನು ಹೊಳೆಗೆ ಇಳಿದಂತಾಗುತ್ತದೆ.

ಎರಡನೆಯದಾಗಿ, ಅವಧಿಯ ವಿಚಾರ. ಧಾರವಾಡದಲ್ಲಿ, ಬೆಂಗಳೂರಿನ ವಿಜಯನಗರದಲ್ಲಿ ಒಂದು ಸಣ್ಣ ಕೋಣೆಯಲ್ಲಿ ನಾಲ್ವರು ಹುಡುಗರು ಸೇರಿ ವರ್ಷಾನುಗಟ್ಟಲೆ ಓದುತ್ತಿರುತ್ತಾರೆ. ಅವರ ತಪಸ್ಸಿಗೆ ನಮ್ಮ ಗೌರವವಿದೆ. ಆದರೆ ತಪಸ್ಸಿಗೂ ಒಂದು ಸಂಕಲ್ಪ ಬೇಕು. ಸಂಕಲ್ಪವೆಂದರೆ ಇಷ್ಟು ದಿನ, ಇಂಥ ಫಲಕ್ಕಾಗಿ ಎಂದು ಮೊದಲೇ ಹೇಳಿಕೊಳ್ಳುವುದು. ಎರಡು ವರ್ಷವೋ ಮೂರು ವರ್ಷವೋ ಮನೆಯವರೊಡನೆ ಕುಳಿತು ನಿಶ್ಚಯಿಸಿ. ಆ ಅವಧಿಯಲ್ಲಿಯೂ ಕೈಯಲ್ಲಿ ಒಂದು ಕೆಲಸವನ್ನು ಇಟ್ಟುಕೊಳ್ಳಿ. ಅವಧಿ ಮುಗಿದ ಮೇಲೆ ದಾರಿ ಬದಲಿಸುವುದು ಸೋಲಲ್ಲ. ಹೊಲದಲ್ಲಿ ಒಂದು ಬೆಳೆ ಬಾರದಿದ್ದರೆ ರೈತ ಮುಂದಿನ ಹಂಗಾಮಿಗೆ ಬೇರೆ ಬೀಜ ಬಿತ್ತುತ್ತಾನೆ. ಹೊಲವನ್ನು ಬೀಳು ಬಿಡುವುದಿಲ್ಲ.

ಖಾಸಗಿ ಸಂಸ್ಥೆಗಳ ರೀತಿ ಬೇರೆ. ದೊಡ್ಡ ಕಂಪನಿಗಳಲ್ಲಿ ನಿಮ್ಮ ಅರ್ಜಿಯನ್ನು ಮೊದಲು ಓದುವುದು ಎಷ್ಟೋ ಸಲ ಮನುಷ್ಯನಲ್ಲ, ಗಣಕಯಂತ್ರ. ಅದು ಜಾಹೀರಾತಿನಲ್ಲಿ ಕೇಳಿದ ಯೋಗ್ಯತೆಗಳ ಹೆಸರು ನಿಮ್ಮ ಅರ್ಜಿಯಲ್ಲಿದೆಯೇ ಎಂದು ಹುಡುಕುತ್ತದೆ. ಆದುದರಿಂದ ಒಂದೇ ಅರ್ಜಿಯನ್ನು ನೂರು ಕಡೆ ಕಳಿಸುವುದು ವ್ಯರ್ಥ. ಅವರು ಏನು ಕೇಳಿದ್ದಾರೆಂದು ಓದಿ, ಅದರಲ್ಲಿ ನಿಮ್ಮಲ್ಲಿ ನಿಜವಾಗಿ ಇರುವುದನ್ನು ಅವರದೇ ಮಾತಿನಲ್ಲಿ, ಒಂದೆರಡು ಪುಟಗಳಲ್ಲಿ ಸ್ಪಷ್ಟವಾಗಿ ಬರೆಯಬೇಕು. ಇಲ್ಲದ್ದನ್ನು ಬರೆಯಬಾರದು, ಅದು ಮುಂದಿನ ಮೆಟ್ಟಿಲಿನಲ್ಲಿ ಬಯಲಾಗುತ್ತದೆ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಎಂಬ ಯಂತ್ರ ಬಂದ ಮೇಲೆ ಸುಂದರವಾದ ಅರ್ಜಿಯನ್ನು ಯಾರು ಬೇಕಾದರೂ ಅರೆಗಳಿಗೆಯಲ್ಲಿ ಬರೆಯಿಸಬಹುದು. ಎಲ್ಲರ ಅರ್ಜಿಯೂ ಸುಂದರವಾದಾಗ ಸೌಂದರ್ಯಕ್ಕೆ ಬೆಲೆ ಎಲ್ಲಿ ಉಳಿಯಿತು? ಹೀಗಾಗಿಯೇ "ನಮ್ಮ ಎದುರಿಗೇ ಮಾಡಿ ತೋರಿಸು, ಹೇಗೆ ಮಾಡಿದೆ ಎಂದು ಬಾಯಿಬಿಟ್ಟು ಹೇಳು" ಎನ್ನುವುದಕ್ಕೆ ಬೆಲೆ ಬಂದಿದೆ. ಯಂತ್ರವನ್ನು ಉಪಯೋಗಿಸಬೇಡಿ ಎಂದು ನಾವು ಹೇಳುವುದಿಲ್ಲ. ಗುರುವನ್ನು ಕೇಳುವಂತೆ ಅದನ್ನು ಕೇಳಿ ಕಲಿಯಿರಿ, ಅದು ಹೇಳಿದ್ದು ಸರಿಯೇ ಎಂದು ಪರೀಕ್ಷಿಸಿರಿ. ಆದರೆ ನಿಮ್ಮ ಬದಲಿಗೆ ಊಟ ಮಾಡು ಎಂದು ಅದಕ್ಕೆ ಹೇಳಬೇಡಿ. ಊಟ ಅದರದು, ಹಸಿವು ನಿಮ್ಮದು ಎಂದಾಗುತ್ತದೆ.

ಪ್ರತ್ಯಕ್ಷ ತೋರಿಸಲು ಬಡವರ ಮಕ್ಕಳ ಬಳಿ ಏನಿದೆ ಎಂದು ಕೇಳಬಹುದು. ಬಹಳ ಇದೆ. ಬಿ.ಕಾಂ. ಓದುವವನು ಊರಿನ ಸಹಕಾರ ಸಂಘದ ಲೆಕ್ಕವನ್ನು ಆರು ತಿಂಗಳು ಬರೆದುಕೊಡಲಿ. ವಿಜ್ಞಾನ ಓದುವವಳು ಊರ ಬಾವಿಗಳ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಅಳೆದು ದಾಖಲಿಸಲಿ. ಐ.ಟಿ.ಐ. ಹುಡುಗ ಪಂಪು ರಿಪೇರಿ ಮಾಡಿದ ಕೆಲಸಗಳ ಒಂದು ವಹಿ ಇಟ್ಟುಕೊಳ್ಳಲಿ. ಆ ವಹಿಯೇ ನಾಳೆ ನಿಮ್ಮ ಪ್ರಮಾಣಪತ್ರ. ಇದರ ಜೊತೆಗೆ ಅಪ್ರೆಂಟಿಸ್ ಎಂಬ ವ್ಯವಸ್ಥೆಯಿದೆ. 1961ರಿಂದಲೂ ಇದಕ್ಕೆ ಕಾನೂನಿದೆ. ಕಲಿಯುತ್ತಲೇ ಸ್ವಲ್ಪ ಭತ್ಯೆಯೂ ದೊರೆಯುತ್ತದೆ. ಡಿಗ್ರಿಯ ಒಳಗೇ ಇಂಥ ಕೆಲಸದ ಕಲಿಕೆಯನ್ನು ಸೇರಿಸಲು 2020ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು ಮಾರ್ಗಸೂಚಿಯನ್ನು ಕೊಟ್ಟಿದೆ. 1972ರಲ್ಲಿ ಡೆನ್ಮಾರ್ಕ್ ದೇಶದ ಸಹಕಾರದಿಂದ ಬೆಂಗಳೂರಿನಲ್ಲಿ ಆರಂಭವಾದ ಸರ್ಕಾರಿ ಟೂಲ್ ರೂಂ ತರಬೇತಿ ಕೇಂದ್ರದ ಶಾಖೆಗಳು ಇಂದು ರಾಜ್ಯದ ಅನೇಕ ಜಿಲ್ಲೆಗಳಲ್ಲಿವೆ. "ನಮ್ಮ ಮಗ ಕೈಗೆ ಎಣ್ಣೆ ಹಚ್ಚಿಕೊಳ್ಳುವ ಕೆಲಸಕ್ಕೆ ಹೋಗುವುದೇ?" ಎಂದು ಮೂಗು ಮುರಿಯುವ ತಂದೆಯರು ಇಲ್ಲಿಯೂ ಕುಳಿತಿದ್ದೀರಿ. ಹಗ್ಗ ಹೊಸೆದ ಚಂದಯ್ಯನವರನ್ನು, ಬಟ್ಟೆ ಒಗೆದ ಮಾಚಯ್ಯನವರನ್ನು, ದೋಣಿ ನಡೆಸಿದ ಚೌಡಯ್ಯನವರನ್ನು ಶರಣರೆಂದು ಪೂಜಿಸಿ, ಮಗನ ಕೈಗೆ ಎಣ್ಣೆ ಹತ್ತಿದರೆ ನಾಚಿಕೊಳ್ಳುವುದು ಯಾವ ಭಕ್ತಿ?

ಸಂದರ್ಶನದ ಭಯವನ್ನು ಕುರಿತು ಹೆಣ್ಣುಮಕ್ಕಳು ಹೆಚ್ಚಾಗಿ ಕೇಳುತ್ತಾರೆ. ಅವರಿಗೆ ನಾವು ಅಕ್ಕಮಹಾದೇವಿಯನ್ನು ನೆನಪಿಸುತ್ತೇವೆ. ಅವರು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಎಷ್ಟು ಕಠಿಣವಾದ ಪ್ರಶ್ನೆಗಳನ್ನು ಕೇಳಿದರೆಂಬುದು ಶೂನ್ಯಸಂಪಾದನೆಯಲ್ಲಿದೆ. ತುಂಬಿದ ಸಭೆ, ಪರಿಚಯವಿಲ್ಲದ ಊರು, ಜೊತೆಗೆ ಯಾರೂ ಇಲ್ಲ. ಅಕ್ಕ ಬಾಯಿಪಾಠದ ಉತ್ತರ ಕೊಡಲಿಲ್ಲ, ಅಳಲಿಲ್ಲ, ಸಿಟ್ಟಾಗಲಿಲ್ಲ. ತಾನು ನಡೆದು ಬಂದ ದಾರಿಯನ್ನೇ ಮಾತಾಗಿಸಿದರು. ಸಂದರ್ಶನವೆಂದರೆ ಚೆನ್ನಾಗಿ ನೋಡುವುದು. ಅವರು ನಿಮ್ಮನ್ನು ನೋಡುತ್ತಾರೆ, ನೀವೂ ಅವರನ್ನು ನೋಡಿರಿ. ಮಾಡಿದ್ದನ್ನು ಮಾಡಿದ್ದೇನೆ ಎನ್ನಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ, ಕಲಿಯುತ್ತೇನೆ ಎನ್ನಿ. ಇಂಗ್ಲಿಷ್ ಮಾತಾಡಲು ನಾಚಿಕೆಪಡಬೇಡಿ. ಅದು ಪೂಜೆಯ ಭಾಷೆಯಲ್ಲ, ಕೆಲಸದ ಹತಾರ; ದಿನವೂ ಮಸೆದರೆ ಹರಿತವಾಗುತ್ತದೆ. ಹಾಗೆಂದು ಕನ್ನಡವನ್ನು ಬಿಟ್ಟು ಹತಾರವನ್ನೇ ಅಪ್ಪಿಕೊಂಡು ಮಲಗಬೇಡಿ.

ಈಗ ಮುಖ್ಯವಾದ ಮಾತಿಗೆ ಬರುತ್ತೇವೆ, ಸ್ವಲ್ಪ ಕಹಿಯಾಗಬಹುದು. ಆಯ್ದಕ್ಕಿ ಮಾರಯ್ಯನವರ ಕಥೆ ಮಕ್ಕಳಿಗೂ ಗೊತ್ತಿದೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿಯನ್ನು ತಂದರು. ಶರಣೆ ಲಕ್ಕಮ್ಮ ಅದನ್ನು ಒಲೆಗೆ ಇಡಲಿಲ್ಲ. ಇದು ನಮ್ಮದಲ್ಲ, ಮರಳಿ ಅಲ್ಲಿಯೇ ಹಾಕಿ ಬನ್ನಿ ಎಂದು ಗಂಡನನ್ನು ಕಳಿಸಿದಳು. ಹಣ ಕೊಟ್ಟು ಪಡೆದ ನೌಕರಿ ಎಂಬುದು ಆ ಹೆಚ್ಚಿನ ಅಕ್ಕಿ. ಅದು ಇನ್ನೊಬ್ಬರ ಮನೆಯ ಮಗುವಿನ ತುತ್ತು. 2021ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದಲ್ಲಿ 545 ಪೊಲೀಸ್ ಸಬ್‌ಇನ್‌ಸ್ಪೆಕ್ಟರ್ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಅಕ್ರಮ ಬಯಲಾಗಿ 2022ರಲ್ಲಿ ಅದು ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಕೆಲವರ ಆಸೆಗಾಗಿ, ಪ್ರಾಮಾಣಿಕವಾಗಿ ಬರೆದ ಸಾವಿರಾರು ಮಕ್ಕಳ ಯೌವನದಲ್ಲಿ ಎರಡು ವರ್ಷಗಳು ಕರಗಿಹೋದವು. ಆ ಲೆಕ್ಕವನ್ನು ಯಾರು ತೀರಿಸುತ್ತಾರೆ? ರಾಜ್ಯದಲ್ಲಿ 2023ರಲ್ಲಿ, ಕೇಂದ್ರದಲ್ಲಿ 2024ರಲ್ಲಿ ಇಂಥ ಅಕ್ರಮಗಳನ್ನು ತಡೆಯುವ ಕಠಿಣ ಕಾನೂನುಗಳು ಬಂದಿವೆ. ಕಾನೂನು ಬರಲಿ, ಒಳ್ಳೆಯದು. ಆದರೆ ಕಾನೂನು ಪೇಟೆಯಲ್ಲಿ ಕಾಯುತ್ತದೆ, ಲಕ್ಕಮ್ಮ ಅಡುಗೆಮನೆಯಲ್ಲಿ ಕಾಯುತ್ತಾಳೆ. ತಾಯಂದಿರೇ, "ಇಷ್ಟು ಲಕ್ಷ ಕೊಟ್ಟರೆ ಆಗುತ್ತದಂತೆ, ಹೊಲ ಮಾರೋಣ" ಎಂಬ ಮಾತು ಮನೆಯಲ್ಲಿ ಬಂದ ದಿನ ನೀವು ಲಕ್ಕಮ್ಮನಾಗಿರಿ. ಹೊಲ ಹೋದರೂ ನೌಕರಿ ಬಾರದೆ ಕುಳಿತ ಮನೆಗಳನ್ನು ನಾವು ನೋಡಿದ್ದೇವೆ.

ಇದೇ ಜಾತಿಯ ಇನ್ನೊಂದು ಮೋಸ ಮೊಬೈಲಿನಲ್ಲಿ ಬರುತ್ತದೆ. ಮನೆಯಲ್ಲಿ ಕುಳಿತು ಸಾವಿರಾರು ರೂಪಾಯಿ ಗಳಿಸಿ, ನೋಂದಣಿಗೆ ಇಷ್ಟು ಕಟ್ಟಿ ಎನ್ನುತ್ತಾರೆ. ಕೆಲಸ ಕೊಡುವವನು ಸಂಬಳ ಕೊಡುತ್ತಾನೆ. ನಿಮ್ಮಿಂದ ಹಣ ಕೇಳುವವನು ಕೆಲಸ ಕೊಡುವವನಲ್ಲ. ಸರ್ಕಾರಿ ಪರೀಕ್ಷೆಯ ಶುಲ್ಕವನ್ನು ಅಧಿಕೃತ ಜಾಲತಾಣದಲ್ಲಿ ಮಾತ್ರ ಕಟ್ಟಿ. ಮೋಸವಾಯಿತೆಂದು ತಿಳಿದ ಕೂಡಲೇ 1930 ಎಂಬ ಸಂಖ್ಯೆಗೆ ಫೋನು ಮಾಡಿ. ವಿದೇಶದ ಕೆಲಸವೆಂದು ಏಜೆಂಟರು ಹೇಳಿದರೆ ಇಮ್ಮಡಿ ವಿಚಾರಿಸಿ. ಕಲಬುರಗಿ ಕಡೆಯ ಕೆಲವು ಯುವಕರು ಬೇರೆ ಕೆಲಸವೆಂದು ನಂಬಿ ಹೋಗಿ ರಷ್ಯಾದ ಯುದ್ಧಭೂಮಿಯಲ್ಲಿ ಸಿಲುಕಿದ ಸುದ್ದಿಯನ್ನು 2024ರಲ್ಲಿ ನೀವೆಲ್ಲ ಓದಿದ್ದೀರಿ.

ಇನ್ನು ನಮ್ಮನ್ನು ಕೇಳುವ ಪತ್ರದ ವಿಚಾರ. ನೌಕರಿಗಾಗಿ ಶಿಫಾರಸು ಪತ್ರವನ್ನು ಶ್ರೀಮಠದಿಂದ ಯಾರಿಗೂ ಕೊಡುವುದಿಲ್ಲವೆಂದು ಈ ಸಭೆಯಲ್ಲಿಯೇ ಹೇಳಿಬಿಡುತ್ತೇವೆ. ಇದು ಕಾಠಿಣ್ಯವಲ್ಲ. ನಮ್ಮ ಪತ್ರದಿಂದ ಒಬ್ಬನಿಗೆ ಕೆಲಸವಾದರೆ, ಪತ್ರ ತರಲಾರದ ಇನ್ನೊಬ್ಬ ಬಡವನ ಮಗುವಿಗೆ ತಪ್ಪುತ್ತದೆ. ಆ ಮಗುವೂ ಶಿವನ ಮಗುವೇ. ಪತ್ರದ ಬದಲು ಬೇರೆ ದಾಸೋಹವನ್ನು ಮಾಡುತ್ತೇವೆ. ನಮ್ಮ ಹಿರಿಯರು ಮಾಡಿದ್ದೂ ಇದನ್ನೇ. ಇಂಗ್ಲಿಷ್ ವಿದ್ಯೆಯಿಲ್ಲದೆ ಹೊಸ ಕಾಲದ ಕಚೇರಿಗಳಲ್ಲಿ ನಮ್ಮ ಮಕ್ಕಳಿಗೆ ಜಾಗವಿಲ್ಲವೆಂದು ಕಂಡಾಗ ಅವರು ಪತ್ರ ಬರೆಯುತ್ತ ಕೂಡಲಿಲ್ಲ, ಶಾಲೆ ಕಟ್ಟಿದರು. ಶಿರಸಂಗಿಯ ಲಿಂಗರಾಜರು ತಮ್ಮ ಆಸ್ತಿಯನ್ನೇ ವಿದ್ಯೆಗೆ ಮೀಸಲಿಟ್ಟು ಹೋದರು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತ್ಯಾಗಿಗಳು ಕೆ.ಎಲ್.ಇ. ಸಂಸ್ಥೆಯನ್ನು ಸ್ಥಾಪಿಸಿದರು. 1941ರಲ್ಲಿ ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು ಮೈಸೂರಿನಲ್ಲಿ ಉಚಿತ ವಿದ್ಯಾರ್ಥಿನಿಲಯವನ್ನು ತೆರೆದರು. ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು 2019ರಲ್ಲಿ, 111ರ ವಯಸ್ಸಿನಲ್ಲಿ ಲಿಂಗೈಕ್ಯರಾಗುವವರೆಗೂ ಅನ್ನದ ಜೊತೆ ಅಕ್ಷರವನ್ನು ಬಡಿಸಿದರು. ಆ ದಾರಿಯಲ್ಲಿ ನಮ್ಮದೊಂದು ಅಳಿಲ ಸೇವೆ: ಪ್ರಸಾದ ನಿಲಯದ ಗ್ರಂಥಾಲಯದಲ್ಲಿ ಸಂಜೆಯ ಪ್ರಾರ್ಥನೆಯಾದ ಮೇಲೆ ಒಂದು ಗಂಟೆ ಗಣಕಯಂತ್ರದ ಮೇಲೆ ಪರೀಕ್ಷೆಯ ಅಭ್ಯಾಸ ನಡೆಯಬೇಕು. ತಿಂಗಳಿಗೆ ಎರಡು ಭಾನುವಾರ, ಇಲ್ಲಿ ಓದಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಗಳು ಬಂದು ಕಿರಿಯರನ್ನು ಎದುರಿಗೆ ಕೂರಿಸಿಕೊಂಡು ಪ್ರಶ್ನೆ ಕೇಳಬೇಕು, ಅರ್ಜಿ ತಿದ್ದಬೇಕು. ಉಂಡ ಋಣವನ್ನು ತೀರಿಸಲು ಇದಕ್ಕಿಂತ ಒಳ್ಳೆಯ ಕಾಣಿಕೆ ಬೇರೆ ಇಲ್ಲ. ಭಕ್ತರು ಹಾರ ತುರಾಯಿ ತರುವುದನ್ನು ಬಿಟ್ಟು ಒಂದು ಹಳೆಯ ಕಂಪ್ಯೂಟರನ್ನು ತಂದರೆ ನಾವು ಅದನ್ನೇ ಪಾದಪೂಜೆಯೆಂದು ತಿಳಿಯುತ್ತೇವೆ.

ಕೊನೆಯದಾಗಿ, ಮಕ್ಕಳೇ, ಸೋತವರಿಗೆ ಒಂದು ಮಾತು. ಪಟ್ಟಿಯಲ್ಲಿ ಹೆಸರು ಬಾರದ ರಾತ್ರಿ ಬಹಳ ಕತ್ತಲಾಗಿರುತ್ತದೆ. ಆ ರಾತ್ರಿ ಒಬ್ಬರೇ ಇರಬೇಡಿ. ಮನೆಯವರೊಡನೆ ಮಾತಾಡಿ, ಮನೆಯಲ್ಲಿ ಆಗದಿದ್ದರೆ ಇಲ್ಲಿಗೆ ಬನ್ನಿ. ಮಠದ ಬಾಗಿಲಿಗೆ ರಾತ್ರಿಯಲ್ಲಿಯೂ ಚಿಲಕವಿಲ್ಲ. ಪರೀಕ್ಷೆ ಅಳೆಯುವುದು ಒಂದು ದಿನದ ಒಂದು ಬಗೆಯ ಸಾಮರ್ಥ್ಯವನ್ನು ಮಾತ್ರ. ಜೀವವನ್ನು ಅಳೆಯುವ ತಕ್ಕಡಿ ಯಾವ ಆಯೋಗದ ಬಳಿಯೂ ಇಲ್ಲ. ತಂದೆಯರೇ, ಆ ದಿನ ಪಕ್ಕದ ಮನೆಯ ಹುಡುಗನ ಮಾತೆತ್ತಬೇಡಿ. ಮಗನಿಗೆ ಒಂದು ತುತ್ತು ಉಣಿಸಿ, ಪಕ್ಕದಲ್ಲಿ ಕುಳಿತುಕೊಳ್ಳಿ. ನಾಲ್ಕು ದಿನ ಕಳೆದ ಮೇಲೆ ಮುಂದಿನ ಹಂಗಾಮಿನ ಮಾತನ್ನು ಆಡೋಣ.

ಸಿಕ್ಕ ಕೆಲಸವನ್ನು ಕಾಯಕವಾಗಿ ಮಾಡುವ ಮನಸ್ಸನ್ನೂ, ಸಿಗುವವರೆಗೆ ಉದ್ಯೋಗವನ್ನು ಬಿಡದ ಧೈರ್ಯವನ್ನೂ ಬಸವಾದಿ ಪ್ರಮಥರು ನಿಮ್ಮೆಲ್ಲರಿಗೂ ಕರುಣಿಸಲಿ ಎಂದು ಹಾರೈಸಿ, ಇಂದಿನ ಮಾತಿಗೆ ಮಂಗಳ ಹೇಳುತ್ತೇವೆ.